ಹಳೇ ಬೆನ್ನು ನೋವು ಮುಚ್ಚಿಟ್ಟು ಅಗ್ನಿವೀರ್‌ಗೆ ಹೋಗ್ಬೇಡಿ, ಅಕಾಡೆಮಿಯವ್ರು ಎಂತ ಹೇಳಿದ್ರೂ

ಉಡುಪಿ, ಕಾಪು, ಕಾರ್ಕಳ ಕಡೆ ಆರ್ಮಿಗೆ ಅಂತ ಬೆಳಿಗ್ಗೆ ಬೆಳಿಗ್ಗೆ ಓಡ್ತಿರುವ ಹುಡುಗ್ರು ತುಂಬ ಇದ್ದಾರೆ, ಅವರಲ್ಲಿ ಯಾರಿಗಾದ್ರೂ ಮೊದ್ಲಿಂದ ಸೊಂಟ ನೋವು ಇದ್ರೆ ಅವ್ರೂ ಅವ್ರ ಮನೆಯವ್ರೂ ಇದನ್ನು ಪೂರ್ತಿ ಓದಿ. ನನ್ನ ತಮ್ಮನಿಗೆ ಆದದ್ದು ಬರೀತಿದ್ದೇನೆ. ಆರ್ಮಿಯನ್ನು ಬೈಲಿಕ್ಕೆ ಅಲ್ಲ ಮಾರಾಯ್ರೆ, ನನ್ನ ಸಿಟ್ಟು ಇರುದು ಊರಲ್ಲಿ ಆರ್ಮಿ ಟ್ರೈನಿಂಗ್ ಅಕಾಡೆಮಿ ಅಂತ ಬೋರ್ಡ್ ಹಾಕಿ ಕೂತವರ ಮೇಲೆ.

ತಮ್ಮ ಕಬಡ್ಡಿ ಆಡ್ತಿದ್ದ. ಪಿಯುಸಿಯಲ್ಲಿರುವಾಗ ಒಂದು ಮ್ಯಾಚಲ್ಲಿ ಸೊಂಟ ಹಿಡ್ಕೊಂಡಿತು, ಎಣ್ಣೆ ತಿಕ್ಕಿ ಬಿಸಿನೀರು ಹಾಕಿದ್ದೆಲ್ಲ ಆಯ್ತು, ಕಮ್ಮಿ ಆಗ್ಲಿಲ್ಲ, ಕೊನೆಗೆ ಮೂಳೆ ಡಾಕ್ಟ್ರು ಸಿಟಿ ಸ್ಕ್ಯಾನ್ ಮಾಡ್ಸಿ ಸ್ಪಾಂಡಿಲೋಲೈಸಿಸ್ ಅಂದ್ರು. ಬೆನ್ನುಮೂಳೆಯ ಕೆಳಗಿನ ಎಲ್-5 ಅನ್ನುವ ಎಲುಬಿನ ಹಿಂದೆ ಒಂದು ಸಪೂರ ಭಾಗ ಉಂಟು, ಅಲ್ಲಿ ಬಿರುಕು. ಬೆಳೆಯುವ ವಯಸ್ಸಲ್ಲಿ ಜೋರು ಆಡುವವ್ರಿಗೆ, ಫಾಸ್ಟ್ ಬೌಲರ್‌ಗಳಿಗೆಲ್ಲ ಇದು ಬರ್ತದೆ. ಬೆಲ್ಟು, ರೆಸ್ಟು, ಫಿಸಿಯೋ ಮಾಡಿ ನೋವು ಹೋಯ್ತು. ಆದ್ರೆ ನೋವು ಹೋಯ್ತು ಅಂದ್ರೆ ಬಿರುಕು ಕೂಡಿತು ಅಂತ ಅಲ್ಲ, ಭಾರ ಹೊರುವ ಕೆಲ್ಸ ಬೇಡ ಅಂತ ಡಾಕ್ಟ್ರು ಆವಾಗ್ಲೇ ಹೇಳಿದ್ರು.

ನಾನು ದುಬೈಯಲ್ಲಿದ್ದೆ. ಇವ ಇಲ್ಲಿ ಒಂದು ಟ್ರೈನಿಂಗ್ ಅಕಾಡೆಮಿಗೆ ಸೇರಿದ, ಹೆಸ್ರು ಬೇಡ, ಇಂಥವು ಬೇಕಾದಷ್ಟು ಉಂಟು. ಪಾಪ, ಹುಡುಗ ಫೈಲ್ ತಗೊಂಡೇ ಹೋಗಿ ಅಲ್ಲಿಯ ಸರ್‌ಗೆ ತೋರ್ಸಿದ್ದಾನೆ. ಆ ಮನುಷ್ಯ ಹೇಳಿದ್ದು, "ಇದನ್ನು ಮನೆಯಲ್ಲೇ ಇಡು, ಭರ್ತಿಯ ರ‍್ಯಾಲಿಯಲ್ಲಿ ಬೆನ್ನಿನ ಸ್ಕ್ಯಾನ್ ಎಲ್ಲ ತೆಗೆಯುದಿಲ್ಲ, ಕೇಳಿದ್ರೆ ಎಂತ ಇಲ್ಲ ಸರ್ ಅನ್ನು, ಒಮ್ಮೆ ಮೆಡಿಕಲ್ ಪಾಸಾದ್ರೆ ಮತ್ತೆ ನಿನ್ನನ್ನು ಯಾರೂ ಮುಟ್ಲಿಕ್ಕಾಗುದಿಲ್ಲ." ಫೀಸ್ ಮಾತ್ರ ಅವತ್ತೇ ತಗೊಂಡ್ರು.

ರ‍್ಯಾಲಿಯಲ್ಲಿ 1.6 ಕಿ.ಮೀ. ಐದೂವರೆ ನಿಮಿಷದೊಳಗೆ ಓಡಿದ, ಪುಲ್‌ಅಪ್ಸ್ 10 ತೆಗ್ದ, ಎರಡರಲ್ಲೂ ಫುಲ್ ಮಾರ್ಕ್ಸ್. ಮೆಡಿಕಲಲ್ಲಿ ಬಗ್ಗು, ಕೂರು, ನಡಿ ಅಂದ್ರು, ಹಿಂದೆ ಏನಾದ್ರೂ ಕಾಯಿಲೆ ಇತ್ತಾ ಅಂತ ಕೇಳಿದ್ರು, ಇಲ್ಲ ಅಂತ ಸೈನ್ ಹಾಕಿದ. ಊರಲ್ಲಿ ಯುವಕ ಮಂಡಲದವ್ರು ಬಸ್‌ಸ್ಟ್ಯಾಂಡಲ್ಲಿ ಫ್ಲೆಕ್ಸ್ ಹಾಕಿ, ಶಾಲು ಹೊದ್ಸಿ, ಭಜನೆ ಮಂದಿರದಲ್ಲಿ ಸನ್ಮಾನ ಮಾಡಿದ್ರು. ಅಮ್ಮ ದೈವಕ್ಕೆ ಹೇಳಿದ ಹರಕೆ ತೀರ್ಸಿ ಬಂದ್ರು.

ಇನ್ನು ಟ್ರೈನಿಂಗ್. ರ‍್ಯಾಲಿಯ ಓಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಓಟ ಒಂದು ದಿನದ್ದು, ಇದು ಆರೇಳು ತಿಂಗಳು ದಿನಾ ಬೆಳಗಾಗುವ ಮೊದ್ಲು ಶುರು. ಬೆನ್ನಿಗೆ ಪಿಟ್ಟೂ ಅನ್ನುವ ಭಾರದ ಚೀಲ, ಕೈಯಲ್ಲಿ ರೈಫಲ್, ಬೂಟು ಹಾಕಿ ಓಟ, ರೋಪ್ ಕ್ಲೈಂಬಿಂಗ್, ಗೋಡೆ ಹಾರುದು, ತಪ್ಪು ಮಾಡಿದ್ರೆ ರಗಡಾ ಅಂತ ಫ್ರಂಟ್ ರೋಲ್. ಪ್ರತೀ ಸಲ ಎತ್ತರದಿಂದ ಹಾರಿ ಇಳಿಯುವಾಗ ಭಾರ ಬೀಳುದು ಆ ಬಿರುಕಿದ್ದ ಜಾಗಕ್ಕೇ. ಮೊದ್ಲು ಸೊಂಟ, ಆಮೇಲೆ ಎಡಗಾಲಿಗೆ ಸೆಳೆತ, ಪಾದ ಜೋಮು. ಹೇಳಿದ್ರೆ ಫೈಲಿನ ವಿಷಯ ಹೊರಗೆ ಬರ್ತದೆ ಅಂತ ನೋವಿನ ಮಾತ್ರೆ ನುಂಗಿ ನುಂಗಿ ತಡ್ಕೊಂಡಿದ್ದಾನೆ, ಟ್ರೈನಿಂಗ್ ಕೊಡುವ ಉಸ್ತಾದರು ಇವ ನೆಪ ಮಾಡ್ತಾನೆ ಅಂತ ತಿಳ್ಕೊಂಡ್ರು. ಅಲ್ಲಿಯ ದವಾಖಾನೆ ಎಂ.ಐ. ರೂಮ್‌ಗೆ ಹೋದ್ರೆ ಒಂದೆರಡು ದಿನ ರೆಸ್ಟ್ ಸಿಗ್ತದೆ, ಜಾಸ್ತಿ ದಿನ ಟ್ರೈನಿಂಗ್ ತಪ್ಪಿದ್ರೆ ರೆಲಿಗೇಟ್, ಅಂದ್ರೆ ನಂತರ ಬಂದ ಬ್ಯಾಚಿನ ಜೊತೆ ಪುನಃ ಮಾಡ್ಬೇಕು. ಇವ ರೆಲಿಗೇಟೂ ಆದ.

ಕೊನೆಗೆ ಮಿಲಿಟರಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯ್ತು. ಎಲ್-5 ಮುಂದಕ್ಕೆ ಜಾರಿದೆ, ಬಿರುಕಿನ ಅಂಚು ನುಣುಪಾಗಿ ಗಟ್ಟಿಯಾಗಿದೆ, ಹೊಸ ಬಿರುಕು ಹೀಗಿರುದಿಲ್ಲ, ಇದು ವರ್ಷಗಳ ಹಳೇದು ಅಂತ ಡಾಕ್ಟ್ರು ಸ್ಕ್ರೀನಲ್ಲಿ ತೋರ್ಸಿಯೇ ಕೇಳಿದ್ರಂತೆ. ಎಲ್ಲ ಹೇಳ್ಬೇಕಾಯ್ತು. ಮೆಡಿಕಲ್ ಬೋರ್ಡ್ ಕೂತಿತು, ಸೇರುವ ಮೊದ್ಲೇ ಇದ್ದದ್ದು, ಸರ್ವಿಸಿನಿಂದ ಆದದ್ದಲ್ಲ ಅಂತ ಬರೆದು ಮನೆಗೆ ಕಳ್ಸಿದ್ರು.

ಆ ಒಂದು ಸಾಲು ಎಂತ ಮಾಡ್ತದೆ ಅಂತ ಅಕಾಡೆಮಿಯವ್ರು ಯಾರಿಗೂ ಹೇಳುದಿಲ್ಲ. ಅಗ್ನಿವೀರರಿಗೆ ಅಂಗವೈಕಲ್ಯ ಆದ್ರೆ 50, 75, 100 ಪರ್ಸೆಂಟ್ ಲೆಕ್ಕದಲ್ಲಿ 15, 25, 44 ಲಕ್ಷ ಕೊಡುವ ನಿಯಮ ಉಂಟು, ಆದ್ರೆ ಅದು ಸರ್ವಿಸಿನಿಂದ ಆದದ್ದು ಅಥವಾ ಸರ್ವಿಸಿನಿಂದ ಜಾಸ್ತಿ ಆದದ್ದು ಅಂತ ಬೋರ್ಡ್ ಒಪ್ಪಿದ್ರೆ ಮಾತ್ರ. ನಾನು ಊರಿಗೆ ಬಂದು ಜಗಳಕ್ಕೆ ಹೋದಾಗ ಆ ಸರ್ ಕೋರ್ಟಿಗೆ ಹೋಗಿ ಅಂದ್ರು, 2013ರ ಧರಮ್‌ವೀರ್ ಸಿಂಗ್ ಕೇಸ್ ಉಂಟಂತೆ. ಉಂಟು, ನಿಜ. ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲದಿದ್ರೆ ಆರೋಗ್ಯವಾಗಿಯೇ ಇದ್ದ ಅಂತ ತಿಳೀಬೇಕು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಆದ್ರೆ ಅದು ಡಿಸೆಬಿಲಿಟಿ ಪೆನ್ಶನ್ ಕೇಸು, ಅಗ್ನಿವೀರರಿಗೆ ಪೆನ್ಶನ್ನೇ ಇಲ್ಲ, ಮೇಲಿಂದ ಇವ್ನ ಹಳೇ ಸ್ಕ್ಯಾನು ಕಪಾಟಲ್ಲಿ ಉಂಟಲ್ಲ!

ಎಲ್ಲ ಬೆನ್ನು ನೋವೂ ರಿಜೆಕ್ಟ್ ಆಗುದಿಲ್ಲ, ಸ್ನಾಯು ಉಳುಕಿ ಸರಿಯಾದದ್ದಕ್ಕೆ ಯಾರೂ ಹೆದ್ರಬೇಡಿ. ಸ್ಪಾಂಡಿಲೋಲೈಸಿಸ್, ಎಲುಬು ಜಾರಿದ್ದು, ಡಿಸ್ಕ್ ಹೊರಗೆ ಬಂದದ್ದು, ಇವು ಬೇರೆ. ಅಕಾಡೆಮಿಗೆ ಫೀಸ್ ಕಟ್ಟುವ ಮೊದ್ಲು ಒಂದು ಎಕ್ಸ್‌ರೇ ತೆಗೆಸಿ ಮೂಳೆ ಡಾಕ್ಟ್ರಿಗೆ ತೋರ್ಸಿ, ಪಿಟ್ಟೂ ಹೊತ್ತು ಓಡುವ ಕೆಲ್ಸ ಅಂತ ಬಿಡಿಸಿ ಹೇಳಿ. ದುಡ್ಡಿಲ್ಲದಿದ್ರೆ ಮಂಗಳೂರಲ್ಲಿ ವೆನ್ಲಾಕ್ ಉಂಟು, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಉಂಟು. ರ‍್ಯಾಲಿ ಮೆಡಿಕಲಲ್ಲಿ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿ. ಅನ್‌ಫಿಟ್ ಅಂದ್ರೂ ಸ್ಪೆಷಲಿಸ್ಟ್ ರಿವ್ಯೂಗೆ ಕೇಳ್ಬಹುದು, ಅಲ್ಲಿಯೂ ಆಗ್ಲಿಲ್ಲವಾ, ಕನಿಷ್ಠ ಸೊಂಟ ಉಳೀತದೆ. ನೇವಿಗೆ ಹೋಗುವವ್ರಿಗೆ ಐಎನ್‌ಎಸ್ ಚಿಲ್ಕಾ ಅನ್ನುವ ನೇವಿ ಟ್ರೈನಿಂಗ್ ಸೆಂಟರ್ ಮುಟ್ಟಿದ ಮೇಲೆ ಇನ್ನೊಮ್ಮೆ ಮೆಡಿಕಲ್ ಉಂಟು, ಹಾಗಾಗಿ ಒಮ್ಮೆ ಪಾಸಾದ್ರೆ ಮುಗೀತು ಅನ್ನುದು ಅಲ್ಲಿಯೂ ಸುಳ್ಳೇ.

ತಮ್ಮ ಈಗ ಫಿಸಿಯೋಗೆ ಹೋಗ್ತಿದ್ದಾನೆ, ಆಪರೇಷನ್ ಬೇಕಾ ಬೇಡ್ವಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅಕಾಡೆಮಿ ಬೋರ್ಡಲ್ಲಿ ಅವ್ನ ಯೂನಿಫಾರ್ಮ್ ಫೋಟೋ ಇನ್ನೂ ಉಂಟು, ತೆಗೀರಿ ಅಂದ್ರೆ "ಸೆಲೆಕ್ಟ್ ಆದದ್ದು ಹೌದಲ್ವಾ" ಅಂತಾರೆ. ಮಕ್ಕಳನ್ನು ಸೇರ್ಸಲಿಕ್ಕೆ ಹೋಗುವವ್ರು ಆ ಫೋಟೋಗಳಲ್ಲಿ ಎಷ್ಟು ಜನ ಈಗ ಸರ್ವಿಸಲ್ಲಿದ್ದಾರೆ ಅಂತ ಕೇಳಿ, ಒಬ್ಬಿಬ್ಬರ ನಂಬರ್ ತಗೊಂಡು ಫೋನ್ ಮಾಡಿ, ಆಮೇಲೆ ಫೀಸ್ ಕಟ್ಟಿ.