ಕೈಯ ಬ್ಯಾಂಡ್, ಸೊಂಟದ ಪೆಡೋಮೀಟರ್, ಐಪ್ಯಾಕ್ ಫಾರ್ಮು: ಮುಂಬಯಿ ಓಡಾಟ ಅಳೆಯಲು ಯಾವುದು?

ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಕೈ ಬೀಸಿಕೊಂಡು ನಡೆಯುವವರಿಗೆ ಅಗ್ಗದ ಬ್ಯಾಂಡೂ ನಡೆಯುತ್ತದೆ, ಹೆಜ್ಜೆ ಲೆಕ್ಕ ಹೆಚ್ಚುಕಡಿಮೆ ಸರಿಯಾಗೇ ಬರುತ್ತದೆ. ಎಡವಟ್ಟಾಗುವುದು ಮಾರ್ಕೆಟ್ಟಿನಿಂದ ಬರುವಾಗ. ಬ್ಯಾಂಡಿನೊಳಗಿನ ಆಕ್ಸೆಲರೋಮೀಟರಿಗೆ ಕಾಲು ಕಾಣುವುದಿಲ್ಲ, ಅದು ಹಿಡಿಯುವುದು ಮಣಿಕಟ್ಟಿನ ಅಲುಗಾಟವನ್ನು. ಕೈಯಲ್ಲಿ ಭಾರದ ಚೀಲವೋ ಮಳೆಗಾಲದ ಕೊಡೆಯೋ ಇದ್ದರೆ ಬೀಸು ನಿಂತು ಎಷ್ಟೋ ಹೆಜ್ಜೆ ಲೆಕ್ಕ ತಪ್ಪುತ್ತವೆ. ಅದೇ ಕಾಯಿ ತುರಿಯಲು ಕೂತರೆ ಕೂತಲ್ಲೇ ಹೆಜ್ಜೆ ಏರಬಹುದು!

ಕೊಂಡ ದಿನವೇ ಬಾಯಲ್ಲಿ ಎಣಿಸುತ್ತ 100 ಹೆಜ್ಜೆ ನಡೆದು ನೋಡಿ, ಮೊದಲು ಖಾಲಿ ಕೈಯಲ್ಲಿ, ಆಮೇಲೆ ಚೀಲ ಹಿಡಿದು. ಖಾಲಿ ಕೈಯಲ್ಲೇ ಐದಕ್ಕಿಂತ ಹೆಚ್ಚು ತಪ್ಪಿದರೆ ವಾಪಸ್ ಕೊಡಿ. ಹೃದಯಬಡಿತ ಬೇಕಿದ್ದರೆ ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಬೇಕು. ಕ್ಯಾಲೊರಿಯ ಅಂಕಿಯನ್ನು ಮಾತ್ರ ನಂಬಬೇಡಿ, ಅದು ತೂಕ, ವಯಸ್ಸು ಸೇರಿಸಿ ಸೂತ್ರದಿಂದ ಹೊರಡಿಸಿದ ಅಂದಾಜು.

ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರ್ ಚೀಲ, ಕೊಡೆಗಳಿಗೆ ಸೊಪ್ಪು ಹಾಕುವುದಿಲ್ಲ. ಹೆಜ್ಜೆ ಮಾತ್ರ ಸಾಕೆಂದರೆ ನಮ್ಮ ಓಟು ಇದಕ್ಕೇ. ಆದರೆ ಸಡಿಲ ನೆರಿಗೆಗೆ ಸಿಕ್ಕಿಸಿದರೆ ವಾಲುತ್ತದೆ, ಸ್ಪ್ರಿಂಗಿನ ಮಾದರಿಯಾದರೆ ಎಣಿಕೆ ಕೆಡುತ್ತದೆ. ವಯಸ್ಸಾದವರ ನಿಧಾನ ನಡಿಗೆಯೂ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. (10,000 ಹೆಜ್ಜೆಯ ಗುರಿ ಹಬ್ಬಿದ್ದೂ 1965ರಲ್ಲಿ ಜಪಾನಿನಲ್ಲಿ ಮಾರಿದ ಇಂಥದೇ ಮೀಟರಿನ ಹೆಸರಿನಿಂದ.)

ಐಪ್ಯಾಕ್‌ನ ಸಣ್ಣ ಫಾರ್ಮಿಗೆ (ಓಡಾಟ, ಶ್ರಮ ಎಷ್ಟೆಂದು ಕೇಳುವ ಅಂತರರಾಷ್ಟ್ರೀಯ ಪ್ರಶ್ನಾವಳಿ, IPAQ) ಕಾಸು ಖರ್ಚಿಲ್ಲ. ಕಳೆದ 7 ದಿನಗಳ ಬಗ್ಗೆ 7 ಪ್ರಶ್ನೆ. ಮೆಟ್ ಎಂದರೆ ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯ ಎಷ್ಟು ಪಟ್ಟು ಎಂಬ ಲೆಕ್ಕ: ನಡಿಗೆಗೆ 3.3 ಮೆಟ್, ಸಾಧಾರಣ ಶ್ರಮಕ್ಕೆ 4, ಬಿರುಸಿನದಕ್ಕೆ 8. ದಿನಕ್ಕೆ 30 ನಿಮಿಷದಂತೆ 5 ದಿನ ನಡೆದರೆ 495 ಮೆಟ್-ನಿಮಿಷ (3.3 × 150). ಈಜು, ತೂಕ ಎತ್ತುವುದು, ಸೈಕಲ್ಲು, ಪೆಡೋಮೀಟರಿಗೆ ದಕ್ಕದ್ದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ತೊಡಕಿರುವುದು ‘ಒಮ್ಮೆಗೆ ಕನಿಷ್ಠ 10 ನಿಮಿಷ’ ಎಂಬ ಷರತ್ತಿನಲ್ಲಿ. ದಾದರ್ ಸೇತುವೆ ಹತ್ತಿಳಿದು ಲೈನು ಬದಲಿಸುವ ನಾಲ್ಕೈದು ನಿಮಿಷ ಅದರಲ್ಲಿ ಸೇರುವುದಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ ಈ ಷರತ್ತು ಕೈಬಿಟ್ಟಿದ್ದರೂ. ಲೋಕಲ್‌ನಲ್ಲಿ ನಿಂತೇ ಹೋದ ಒಂದು ಗಂಟೆ ಕೂತದ್ದೂ ಅಲ್ಲ, ನಡೆದದ್ದೂ ಅಲ್ಲ. ಅದಕ್ಕೆ ಫಾರ್ಮಿನಲ್ಲಿ ಖಾನೆಯೇ ಇಲ್ಲ. ಮೇಲಾಗಿ ‘ಎಷ್ಟು ಹೊತ್ತು ನಡೆದಿರಿ?’ ಎಂದರೆ ಬರುವ ಉತ್ತರ ‘ಒಂದರ್ಧ ಗಂಟೆ’. ಇಪ್ಪತ್ತೆರಡು ನಿಮಿಷ ಎಂದವರುಂಟೇ?

ಬ್ಯಾಂಡು, ಫಾರ್ಮು ಎರಡನ್ನೂ ಹೋಲಿಸುವುದಾದರೆ ಬ್ಯಾಂಡನ್ನು 7 ದಿನ ಕಟ್ಟಿ. ದಿನಕ್ಕೆ 10 ಗಂಟೆಯಾದರೂ ಕೈಯಲ್ಲಿದ್ದ ದಿನಗಳನ್ನಷ್ಟೇ ಹಿಡಿಯಿರಿ, ಅಂಥವು ನಾಲ್ಕಾದರೂ ಇರಲಿ, ಅದರಲ್ಲೊಂದು ಭಾನುವಾರ. ಎಂಟನೆಯ ಬೆಳಗ್ಗೆ ಆಪ್ ತೆರೆಯುವ ಮುಂಚೆ ಫಾರ್ಮು ತುಂಬಿ. ಅಂಕಿ ಕಣ್ಣಿಗೆ ಬಿದ್ದ ಮೇಲೆ ನೆನಪೂ ಅದರ ತಾಳಕ್ಕೇ ಕುಣಿಯುತ್ತದೆ.