ಕಾಕಟೀಲ್ ಮರಿಗಳಿಗೆ ತಂದ ಅಲ್ಯೂಮಿನಿಯಂ ರಿಂಗ್: ಅಳತೆ ಸರಿಯಿದೆ, ನಂಬರು ಯಾರದ್ದು?

ಮನೆಯಲ್ಲಿ ಮೂರು ಜೋಡಿ ಕಾಕಟೀಲ್ (ಜುಟ್ಟಿರುವ ಸಣ್ಣ ವಿದೇಶಿ ಗಿಳಿ) ಸಾಕುತ್ತಿರುವ ನಾನು ಕಳೆದ ಮಳೆಗಾಲದಲ್ಲಿ ಆನ್‌ಲೈನ್ ಅಂಗಡಿಯೊಂದರಿಂದ, ಗುರುತಿಗಾಗಿ ಹಕ್ಕಿಯ ಕಾಲಿಗೆ ತೊಡಿಸುವ ಅಲ್ಯೂಮಿನಿಯಂ ಕ್ಲೋಸ್ಡ್ ರಿಂಗ್‌ಗಳ ಒಂದು ಪೊಟ್ಟಣವನ್ನು ತರಿಸಿಕೊಂಡೆ. ಇಪ್ಪತ್ತೈದು ರಿಂಗ್‌ಗಳಿಗೆ ಅಂಚೆ ವೆಚ್ಚವೂ ಸೇರಿ 420 ರೂಪಾಯಿ ಆಯಿತು. ಎರಡು ಕಾವಿನಲ್ಲಿ ಎದ್ದ ಒಂಬತ್ತು ಮರಿಗಳಿಗೆ ಅವನ್ನು ತೊಡಿಸಿ, ಎಂಟು ತಿಂಗಳು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮಾರಾಟಗಾರರ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ನಾನು ಕಂಡ ದೋಷ ಒಬ್ಬರದ್ದಲ್ಲ, ಇದೇ ಬಗೆಯ ಅಗ್ಗದ ಪೊಟ್ಟಣಗಳನ್ನು ಮಾರುವ ಇನ್ನಿಬ್ಬರ ಬಳಿಯೂ ಅದನ್ನೇ ಕಂಡಿದ್ದೇನೆ.

ಕ್ಲೋಸ್ಡ್ ರಿಂಗ್ ಎಂದರೆ ಎಲ್ಲಿಯೂ ಬಿರುಕಿಲ್ಲದ, ಪೂರ್ತಿ ಮುಚ್ಚಿದ ಬಳೆ. ಮರಿಯ ಪಾದ ಇನ್ನೂ ಮೆತ್ತಗಿರುವ ಕೆಲವೇ ದಿನಗಳಲ್ಲಿ ಅದನ್ನು ತೂರಿಸಬೇಕು. ಆಮೇಲೆ ಪಾದ ಬಲಿತರೆ ಒಳಗೂ ಹೋಗದು, ಹೊರಗೂ ಬಾರದು. ದೊಡ್ಡ ಹಕ್ಕಿಯ ಕಾಲಿನಲ್ಲಿ ಇಂಥ ರಿಂಗ್ ಇದ್ದರೆ ಅದು ಮರಿಯಾಗಿದ್ದಾಗಲೇ ಮನುಷ್ಯರ ಕೈಯಲ್ಲಿತ್ತು ಎಂದು ಹೇಳಬಹುದಾದ್ದರಿಂದ, ಕೊಳ್ಳುವವರು ಅದಕ್ಕೆ ಬೆಲೆ ಕೊಡುತ್ತಾರೆ. ಓಪನ್ ರಿಂಗ್ ಹಾಗಲ್ಲ. ಸೀಳು ಇರುವ ಅದನ್ನು ಯಾವ ವಯಸ್ಸಿನ ಹಕ್ಕಿಗೂ ಅಮುಕಿ ಹಾಕಬಹುದು, ಆದ್ದರಿಂದ ಹುಟ್ಟಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಸೀಳು ಸರಿಯಾಗಿ ಕೂಡದಿದ್ದರೆ ಪಂಜರದ ತಂತಿಗೋ ನೂಲಿಗೋ ಸಿಕ್ಕಿಕೊಂಡು ಹಕ್ಕಿ ಕಾಲು ಮುರಿದುಕೊಳ್ಳುವ ಅಪಾಯವೂ ಇದೆ.

ರಿಂಗ್‌ನಲ್ಲಿ ಮೊದಲು ನೋಡಬೇಕಾದದ್ದು ಒಳ ಅಳತೆ. ಪೊಟ್ಟಣದ ಮೇಲೆ ‘ಕಾಕಟೀಲ್ ಸೈಜ್’ ಎಂದಷ್ಟೇ ಇತ್ತು; ವಿಚಾರಿಸಿದ ಮೇಲೆ 5.5 ಮಿ.ಮೀ. ಎಂಬ ಉತ್ತರ ಬಂತು. ನನ್ನ ಭಾವಮೈದುನನ ಲೇತ್ ವರ್ಕ್‌ಶಾಪಿಗೆ ಹೋಗಿ, ವರ್ನಿಯರ್‌ನಲ್ಲಿ ಇಪ್ಪತ್ತೈದನ್ನೂ ಅಳೆದು ನೋಡಿದೆವು. ಇಪ್ಪತ್ತೆರಡು ಸರಿಯಾಗಿದ್ದವು, ಮೂರು 5.3ರ ಆಸುಪಾಸಿನಲ್ಲಿದ್ದವು. ಎರಡು ಕೂದಲಿನಷ್ಟು ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಅವನು ನಕ್ಕ. ಆದರೆ ರಿಂಗ್ ಬಿಗಿಯಾದರೆ ಒಳಗೆ ಸತ್ತ ಚರ್ಮದ ಹೊಪ್ಪಳೆ ಕಟ್ಟಿ, ಕಾಲು ಬಾತು, ರಕ್ತ ಓಡಾಡದೆ ಹಕ್ಕಿ ಪಾದವನ್ನೇ ಕಳೆದುಕೊಳ್ಳಬಹುದು. ತೀರ ಸಡಿಲವಾದರೆ ಪಾದದಿಂದ ಕಳಚಿ ಬೀಳುತ್ತದೆ. ಇನ್ನೊಂದರ ಒಳ ಅಂಚಿನಲ್ಲಿ ಉಗುರಿಗೆ ತಾಕುವಷ್ಟು ಲೋಹದ ಸಿಬಿರು ಉಳಿದಿತ್ತು. ಇಪ್ಪತ್ತೈದರಲ್ಲಿ ನಾಲ್ಕು ಕೆಟ್ಟವೆಂದರೆ ನನ್ನ ಲೆಕ್ಕದಲ್ಲಿ ಅದು ಹೆಚ್ಚೇ.

ತೊಡಿಸುವ ಕೆಲಸ ಮಾತ್ರ ಸಲೀಸಾಗಿ ನಡೆಯಿತು, ಅದರ ಶ್ರೇಯಸ್ಸು ನುಣುಪಾದ ಹೊರಮೈಗೆ ಸಲ್ಲಬೇಕು. ಒಂಬತ್ತನೆಯ ದಿನದ ಮರಿ ಅಂಗೈಯಲ್ಲಿ ಬಿಸಿ ಇಡ್ಲಿಯ ಹಾಗೆ ಬೆಚ್ಚಗಿರುತ್ತದೆ, ಅಷ್ಟೇ ಮೆತ್ತಗೂ ಇರುತ್ತದೆ. ಕಾಕಟೀಲಿಗೆ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಮುಂದಿನ ಎರಡನ್ನೂ ಹಿಂದಿನ ಉದ್ದ ಬೆರಳನ್ನೂ ಒಟ್ಟುಗೂಡಿಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ರಿಂಗನ್ನು ಪಾದದ ಮೇಲಿನಿಂದ ಮೆಲ್ಲಗೆ ತಿರುಗಿಸುತ್ತ ಸರಿಸಬೇಕು. ಉಳಿದ ಗಿಡ್ಡ ಬೆರಳು ಕಾಲಿಗೆ ಒತ್ತಿಕೊಂಡು ರಿಂಗ್‌ನೊಳಗೇ ಸಿಕ್ಕಿರುತ್ತದೆ, ಅದನ್ನು ಮೊನೆ ಮುರಿದ ಹಲ್ಲುಕಡ್ಡಿಯಿಂದ ಎಬ್ಬಿಸಿ ಹೊರಕ್ಕೆ ತಂದರೆ ಮುಗಿಯಿತು. ಒಂದು ಮರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಆದರೆ ಮಾರಾಟಗಾರರು ಕೊಟ್ಟ ಸೂಚನೆಯ ಚೀಟಿಯಲ್ಲಿ ಒಂದು ಮುಖ್ಯ ಮಾತು ಇರಲಿಲ್ಲ. ಗೂಡಿನಲ್ಲಿ ಹೊಳೆಯುವ ವಸ್ತು ಕಂಡರೆ ತಾಯಿ ಹಕ್ಕಿ ಅದನ್ನು ಕಸವೆಂದು ಎಣಿಸಿ ಎಳೆದು ಹೊರಹಾಕಲು ನೋಡುತ್ತದೆ, ರಿಂಗ್‌ನ ಜೊತೆಗೆ ಮರಿಯೂ ಬರುತ್ತದೆ. ಮೊದಲ ಮರಿಯ ವಿಷಯದಲ್ಲಿ ನನಗೆ ಇದು ತಿಳಿದದ್ದು ಅದು ಗೂಡುಪೆಟ್ಟಿಗೆಯ ಬಾಯಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಾಗ. ಆಮೇಲಿನವಕ್ಕೆ ಸಂಜೆ ಬೆಳಕು ಕುಂದಿದ ಮೇಲೆ ತೊಡಿಸಿ, ದೀಪದ ಕಾಡಿಗೆ ಸವರಿದೆ, ತೊಂದರೆಯಾಗಲಿಲ್ಲ. ಪಕ್ಕದ ಮನೆಯ ಅಜ್ಜಿ ನೋಡಿ, “ಏನಪ್ಪಾ, ಹಕ್ಕಿಗೂ ಕಾಲುಂಗುರ ಹಾಕ್ಸಿದ್ದೀಯಾ? ಮದ್ವೆ ಯಾವಾಗಾಯ್ತು?” ಎಂದು ಕೇಳಿದರು. ಕಾಡಿಗೆಯನ್ನೂ ಕಂಡಿದ್ದರೆ ದೃಷ್ಟಿ ಬೊಟ್ಟೆಂದೇ ತಿಳಿಯುತ್ತಿದ್ದರೇನೋ.

ಇನ್ನು ನಂಬರಿನ ವಿಚಾರ. ಪೊಟ್ಟಣದ ರಿಂಗ್‌ಗಳಲ್ಲಿ ವರ್ಷ, ಅದರ ಪಕ್ಕದಲ್ಲಿ 001ರಿಂದ 025ರವರೆಗಿನ ಸಂಖ್ಯೆ, ಇಷ್ಟನ್ನೇ ಕೊರೆದಿದ್ದಾರೆ. ಡಿಸೆಂಬರಿನಲ್ಲಿ ನನ್ನ 004, ಬೂದು ಬಣ್ಣದ ಗಂಡು, ನೀರು ಬದಲಿಸುವಾಗ ಬಾಗಿಲ ಸಂದಿಯಿಂದ ಹಾರಿಹೋಯಿತು. ಮೂರನೆಯ ದಿನ ಊರಿನ ಇನ್ನೊಂದು ಬಡಾವಣೆಯಲ್ಲಿ ಕಾಕಟೀಲ್ ಸಿಕ್ಕಿದೆ, ಕಾಲಿನಲ್ಲಿ 004 ಎಂದಿದೆ ಎಂಬ ಸುದ್ದಿ ಬಂತು. ಪಂಜರ ಹಿಡಿದುಕೊಂಡೇ ಓಡಿದೆ. ವರ್ಷವೂ ಅದೇ, ನಂಬರೂ ಅದೇ, ಅಕ್ಷರದ ಅಚ್ಚೂ ಅದೇ. ಹಕ್ಕಿ ಮಾತ್ರ ಮೈತುಂಬ ಬಿಳಿ ಮಚ್ಚೆಯ ಹೆಣ್ಣು. ಅದೇ ಅಂಗಡಿಯಿಂದ ರಿಂಗ್ ತರಿಸಿದ ಬೇರೆ ಯಾರದೋ 004 ಅದು. ಪ್ರತಿ ಪೊಟ್ಟಣವೂ 001ರಿಂದಲೇ ಶುರುವಾಗುತ್ತದೆ ಎಂಬುದನ್ನು ಮಾರಾಟಗಾರರು ಫೋನಿನಲ್ಲಿ ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡರು. ನನ್ನ ಹಕ್ಕಿ ಸಿಗಲಿಲ್ಲ. ಆ ಹೆಣ್ಣಿನ ಒಡೆಯರೂ ಸಿಗಲಿಲ್ಲ. ಹಿಡಿದವರ ಮನೆಯಲ್ಲಿಯೇ ಅದು ಈಗ ಇದೆ.

ಹಕ್ಕಿಯ ಕಾಲಿಗೆ ಲೋಹ ತೊಡಿಸುವ ಪದ್ಧತಿ ಹುಟ್ಟಿದ್ದೇ ಇದಕ್ಕೆ ತದ್ವಿರುದ್ಧವಾದ ಯೋಚನೆಯಿಂದ. ಡೆನ್ಮಾರ್ಕಿನ ವಿಬೋರ್ಗ್ ಪಟ್ಟಣದ ಶಾಲಾ ಮೇಷ್ಟರಾಗಿದ್ದ ಹ್ಯಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ 1890ರಲ್ಲಿ ಸತುವಿನ ಉಂಗುರ ಹಾಕಿ ನೋಡಿ, ಅದು ಭಾರವೆಂದು ಕಂಡು, 1899ರಲ್ಲಿ ಹಗುರವಾದ ಅಲ್ಯೂಮಿನಿಯಂ ಉಂಗುರಗಳನ್ನು ಸ್ಟಾರ್ಲಿಂಗ್ ಹಕ್ಕಿಗಳಿಗೆ ತೊಡಿಸಿದರು. ಅವುಗಳ ಮೇಲೆ ನಂಬರಿನ ಜೊತೆಗೆ, ಸಿಕ್ಕವರು ತಿಳಿಸಬೇಕಾದ ವಿಳಾಸವೂ ಇತ್ತು. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ತೊಡಿಸುವ ಉಂಗುರಗಳಲ್ಲಿ ಸೊಸೈಟಿಗೆ ತಿಳಿಸಿ ಎಂಬ ಒಕ್ಕಣೆಯನ್ನು ಇಂಗ್ಲಿಷಿನಲ್ಲಿ ಕೊರೆದಿರುತ್ತಾರೆ. ಆ ಸಂಸ್ಥೆ ಸಲೀಂ ಅಲಿಯವರ ಮುಂದಾಳುತನದಲ್ಲಿ ದೊಡ್ಡ ಪ್ರಮಾಣದ ಉಂಗುರ ಕಾರ್ಯಕ್ಕೆ ಇಳಿದದ್ದರ ಹಿಂದೆ ನಮ್ಮ ಮಲೆನಾಡೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ, ಅದರ ವೈರಸ್ ರಷ್ಯಾ ಕಡೆಯ ರೋಗವೊಂದರ ವೈರಸ್ಸನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳ ಮೈಮೇಲಿನ ರಕ್ತ ಹೀರುವ ಉಣ್ಣೆ ಹುಳುಗಳ ಮೂಲಕ ಅದು ಇಲ್ಲಿಗೆ ಬಂದಿರಬಹುದೇ ಎಂಬ ಶಂಕೆ ಎದ್ದಿತು. ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ 1959ರಲ್ಲಿ ಆ ಯೋಜನೆ ಆರಂಭವಾಯಿತು. ಮಂಗನ ಕಾಯಿಲೆಯ ಹೆಸರು ಕೇಳಿ ಬೆಳೆದ ನಮಗೆ ಈ ನಂಟು ಗೊತ್ತಿರುವುದು ಕಡಿಮೆ.

ಕಾಡುಹಕ್ಕಿಯ ಕಾಲಿನ ಉಂಗುರವನ್ನು ಓದಬೇಕಾದರೆ ಸಾಮಾನ್ಯವಾಗಿ ಹಕ್ಕಿ ಮತ್ತೆ ಕೈಗೆ ಸಿಗಬೇಕು. ಅದಕ್ಕೇ ಮಂಗೋಲಿಯಾದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಕತ್ತಿಗೆ ದೊಡ್ಡ ಅಕ್ಷರಗಳ ಪಟ್ಟಿಯನ್ನೇ ಹಾಕುತ್ತಾರೆ. ಮೈಸೂರು ಸೀಮೆಯ ಕೆರೆಗಳಲ್ಲಿ ಚಳಿಗಾಲ ಕಳೆಯಲು ಬಂದ ಅಂಥ ಬಾತುಗಳನ್ನು ನಮ್ಮ ಹಕ್ಕಿ ವೀಕ್ಷಕರು ದುರ್ಬೀನಿನಲ್ಲಿಯೇ ಓದಿ, ಅವು ಹೊರಟ ಜಾಗವನ್ನು ಹೇಳಿದ್ದಾರೆ. ಅಂದರೆ ಮಂಗೋಲಿಯಾದಿಂದ ಹಿಮಾಲಯ ದಾಟಿ ಬಂದ ಬಾತಿನ ಹಿನ್ನೆಲೆ ಒಂದು ಪಟ್ಟಿಯಿಂದ ತಿಳಿಯುತ್ತದೆ, ನನ್ನದೇ ಊರಿನಲ್ಲಿ ಸಿಕ್ಕ ಕಾಕಟೀಲಿನದು ತಿಳಿಯುವುದಿಲ್ಲ. ಇದಕ್ಕೆ ಕಾರಣ ವಸ್ತುವೂ ಅಲ್ಲ, ಅಚ್ಚೂ ಅಲ್ಲ. ಆ ಪಟ್ಟಿಯ ಹಿಂದೆ ಒಂದು ದಫ್ತರವಿದೆ, ಈ ಪೊಟ್ಟಣದ ಹಿಂದೆ ಇಲ್ಲ.

ಅಕ್ಷರದ ಕೊರೆತದ ಬಗ್ಗೆ ದೂರಿಲ್ಲ. ಲೇಸರಿನಲ್ಲಿ ಕೊರೆದದ್ದು ಎಂಟು ತಿಂಗಳ ಸ್ನಾನ, ಕೊಕ್ಕಿನ ಕಡಿತಗಳ ನಂತರವೂ ಸ್ಪಷ್ಟವಾಗಿದೆ. ರಿಂಗ್‌ಗೆ ಬಳಿದ ನೇರಳೆ ಬಣ್ಣ ಮಾತ್ರ ಅಲ್ಲಲ್ಲಿ ಮಾಸಿದೆ. ಆದರೂ ಅಲ್ಯೂಮಿನಿಯಂ ಸವೆಯುವ ಲೋಹ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಉಂಗುರ ತೊಟ್ಟ ‘ವಿಸ್ಡಮ್’ ಎಂಬ ಆಲ್ಬಟ್ರಾಸ್ 2024ರಲ್ಲಿಯೂ ಮೊಟ್ಟೆಯಿಟ್ಟಿತೆಂದು ನಾವು ಖಚಿತವಾಗಿ ಹೇಳಬಲ್ಲೆವಾದರೆ, ಸವೆದ ಉಂಗುರಗಳನ್ನು ತೆಗೆದು ಹೊಸದನ್ನು ಹಾಕುವಾಗ ಹಳೆಯ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಂಡವರು ಇದ್ದುದರಿಂದ. ಆಫ್ರಿಕನ್ ಗ್ರೇಯಂಥ ದೊಡ್ಡ ಗಿಳಿ ಸಾಕುವವರು ಈ ರಿಂಗನ್ನು ಕೊಳ್ಳಲೇಬಾರದು. ಆ ಕೊಕ್ಕು ಅಲ್ಯೂಮಿನಿಯಮ್ಮನ್ನು ಅಮುಕಿ ಕಾಲಿಗೇ ಕಚ್ಚಿಸಿಬಿಡುತ್ತದೆ, ಅವಕ್ಕೆ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು.

ಮಾರಾಟಗಾರರ ಜಾಹೀರಾತಿನಲ್ಲಿ ‘ರಿಂಗ್ ಇದ್ದರೆ ಹಕ್ಕಿ ಕಾನೂನುಬದ್ಧ’ ಎಂಬ ಸಾಲೊಂದಿದೆ, ಅದು ತಪ್ಪು. ನಮ್ಮ ತೋಟಗಳಿಗೆ ಬರುವ ಗಿಳಿಗೆ ಚಿನ್ನದ ಉಂಗುರವನ್ನೇ ಹಾಕಿದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಸಾಕುವುದು ಅಪರಾಧ. ಅಳಿವಿನ ಭೀತಿಯಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಸನ್ ಕನ್ಯೂರ್, ಆಫ್ರಿಕನ್ ಗ್ರೇ ಮುಂತಾದ ವಿದೇಶಿ ಹಕ್ಕಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಾಕಟೀಲ್ ಆ ಪಟ್ಟಿಯಲ್ಲಿಲ್ಲ. ದಾಖಲೆಯಲ್ಲಿ ಬರೆದ ಹಕ್ಕಿ ಇದೇ ಎಂದು ತೋರಿಸಲು ರಿಂಗ್ ನೆರವಾಗಬಹುದು, ದಾಖಲೆಯ ಬದಲಿಗೆ ನಿಲ್ಲಲಾರದು.

ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ: ನುಣುಪಿಗೆ ಒಂದು, ಅಕ್ಷರಕ್ಕೆ ಒಂದು, ಅಳತೆಗೆ ಅರ್ಧ. ಕೊಳ್ಳುವವರು ಸಿದ್ಧ ಪೊಟ್ಟಣವನ್ನು ಬಿಟ್ಟು, ತಮ್ಮದೇ ಸಂಕೇತಾಕ್ಷರಗಳನ್ನೂ ಫೋನ್ ನಂಬರನ್ನೂ ಕೊರೆದುಕೊಡುವಂತೆ ಕೇಳಬೇಕು. 5.5 ಮಿ.ಮೀ. ರಿಂಗ್‌ನ ಮೇಲೆ ಹತ್ತು ಅಂಕಿಗಳು ಎರಡು ಸಾಲಿನಲ್ಲಿ ಹಿಡಿಸುತ್ತವೆ. ಕನಿಷ್ಠ ಐವತ್ತು ತರಿಸಿದರೆ ರಿಂಗಿಗೆ ಆರು ರೂಪಾಯಿ ಹೆಚ್ಚಿಗೆ ಪಡೆದು ಅದೇ ಮಾರಾಟಗಾರರು ಮಾಡಿಕೊಡುತ್ತಾರೆ, ಆದರೆ ಕೇಳದೆ ಹೇಳುವುದಿಲ್ಲ. ನನ್ನ ಹೊಸ ರಿಂಗ್‌ಗಳು ಹೋದ ವಾರ ಬಂದಿವೆ, ಐವತ್ತರಲ್ಲಿ ಎರಡು ಬಿಗಿ. ಹಳೆಯ ಪೊಟ್ಟಣದಲ್ಲಿ ಉಳಿದ ಹನ್ನೆರಡನ್ನು ಯಾರಿಗೂ ಕೊಡದೆ, ಭಾವಮೈದುನನ ಗುಜರಿ ಡಬ್ಬಕ್ಕೆ ಹಾಕಿದ್ದೇನೆ.