ಕೌಲ್ ಬಜಾರಿನ ಬೈಂಡಿಂಗ್ ಅಂಗಡಿ: ಹೊಲಿಗೆಗೆ ಐದು, ಫೋನಿಗೆ ಸೊನ್ನೆ

ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಲಿಗೆಗೆ ಐದಕ್ಕೆ ಐದು, ಪ್ರಿಂಟಿಗೆ ಮೂರು, ಫೋನ್ ಎತ್ತುವ ವಿಷಯಕ್ಕೆ ಸೊನ್ನೆ. ಲೆಕ್ಕ ಹಾಕಿದರೆ ನಾಲ್ಕು ಬರಲ್ಲ ಅಂತ ಗೊತ್ತು. ಆದರೂ ನಾಲ್ಕೇ ಇರಲಿ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೇನ್ ರೋಡ್ ಬಿಟ್ಟು ಒಳಗೆ ಹೋದರೆ, ಜೀನ್ಸ್ ಹೊಲಿಯುವ ಮನೆಗಳ ಮಧ್ಯೆ ಈ ಅಂಗಡಿ ಇದೆ. ಬೋರ್ಡಿನಲ್ಲಿ ಹೆಸರೇ ಇಲ್ಲ. 'ಜೆರಾಕ್ಸ್, ಕಲರ್ ಪ್ರಿಂಟ್, ಲ್ಯಾಮಿನೇಷನ್, ಬುಕ್ ಬೈಂಡಿಂಗ್' ಅಂತ ನೀಲಿ ಅಕ್ಷರದಲ್ಲಿ ಬರೆದಿದ್ದಾರೆ, ಅಷ್ಟೇ. ಮುಂದೆ ಕಂಪ್ಯೂಟರ್ ಹತ್ತಿರ ಒಬ್ಬ ಹುಡುಗಿ ಇರುತ್ತಾಳೆ. ಹಿಂದೆ ಚಾಪೆ ಹಾಸಿಕೊಂಡು ಬೈಂಡಿಂಗ್ ಮಾಡುವ ಚಾಚಾ. ಬಂದವರೆಲ್ಲ ಚಾಚಾ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ವಯಸ್ಸಿನಲ್ಲಿ ನಾನೇ ಹಿರಿಯಳಿರಬಹುದು, ಕೇಳಲು ಹೋಗಿಲ್ಲ.

ನಾನು ಕೊಟ್ಟ ಕೆಲಸ ಯಾವುದು ಅಂತ ಹೇಳದಿದ್ದರೆ ಈ ವಿಮರ್ಶೆ ಅರ್ಥ ಆಗಲ್ಲ. ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಹಾಕಿಸುವುದು ಬೇರೆ, ಇದು ಬೇರೆ.

ನಾನು ತಾಲ್ಲೂಕು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದವಳು. ಆವಕ, ಜಾವಕ, ಲಗತ್ತು, ನೆನಪೋಲೆ, ಇದರಲ್ಲೇ ನೌಕರಿ ಮುಗಿಯಿತು. ನಿವೃತ್ತಿ ಆದಮೇಲೂ ಆ ಚಟ ಬಿಡಲಿಲ್ಲ. ಬೇರೆಯವರ ಹಳೇ ಕಾಗದ ಓದುವುದೆಂದರೆ ನನಗೆ ಧಾರಾವಾಹಿಗಿಂತ ಜಾಸ್ತಿ ಇಷ್ಟ. ಅಕ್ಕನ ಮಗ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಾಲದ ಪತ್ರಗಳ ಸ್ಕ್ಯಾನ್ ಹುಡುಕಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಎಲ್ಲವೂ 1830-31ರ ನಗರ ಬಂಡಾಯದ ಸುತ್ತಮುತ್ತಲಿನವು. ಮುನ್ನೂರು ಚಿಲ್ಲರೆ ಪುಟ. ಸ್ಕ್ರೀನ್ ಮೇಲೆ ಅಷ್ಟು ಓದಿದರೆ ನನ್ನ ಕಣ್ಣು ಹೋಗುತ್ತೆ, ಅದಕ್ಕೇ ಕೌಲ್ ಬಜಾರಿಗೆ ಹೋದೆ.

ಇಲ್ಲಿ ನಗರ ಅಂದರೆ ಸಿಟಿ ಅಲ್ಲ, ಮಲೆನಾಡಿನ ಹಳೇ ಬಿದನೂರು. ನಗರ ಬಂಡಾಯ ಅಂದರೆ ಮೈಸೂರು ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ವಿರುದ್ಧ ಮಲೆನಾಡಿನ ರೈತರು ಎದ್ದದ್ದು. ಆಗ ಅಲ್ಲಿ ಶರತ್ತು ಪದ್ಧತಿ ಇತ್ತು. ಇಂತಿಷ್ಟು ಕಂದಾಯ ತಂದೇ ತರುತ್ತೇನೆ ಅಂತ ಅಮಲ್ದಾರ, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿ, ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ಯಾರು ತುಂಬುತ್ತಾರೆ ಹೇಳಿ? ರೈತನ ಮನೆಯಿಂದ ಎತ್ತಿಕೊಂಡು ಬರುತ್ತಾರೆ. 1830ರಲ್ಲಿ ರೈತರು ಕೂಟ ಸೇರಿದರು, ಕಂದಾಯ ನಿಲ್ಲಿಸಿದರು. ಬೂದಿ ಬಸವಪ್ಪ ಅನ್ನುವವನು ನಾನೇ ನಗರದ ಅರಸರ ವಂಶದವನು ಅಂತ ಮುಂದೆ ನಿಂತ. ತರೀಕೆರೆಯ ಪಾಳೆಯಗಾರರೂ ಸೇರಿಕೊಂಡರು. ಆ ವರ್ಷದ ಕೊನೆಗೆ ದೊರೆ ತಾವೇ ದಂಡು ಕಟ್ಟಿಕೊಂಡು ಹೊರಟರು. ಗಲ್ಲಿಗೇರಿಸಿದ್ದೂ ಆಯಿತು. ಗಲಾಟೆ ಮಾತ್ರ ನಿಲ್ಲಲಿಲ್ಲ.

ಟಪಾಲು ರುಚಿಯಾಗುವುದು ಇಲ್ಲಿಂದ. ಸೈನ್ಯ ಕಳಿಸಬೇಕೇ, ಕಳಿಸಿದರೆ ಯಾರದ್ದು, ಎಷ್ಟು, ಯಾವ ಕರಾರಿನ ಮೇಲೆ? 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಕೊಡಬೇಕು, ಕಂಪನಿ ಸೈನ್ಯ ಇಟ್ಟು ಕಾಯಬೇಕು. ಅದರ ಮೇಲೆ 1807ರ ಕರಾರಿನಲ್ಲಿ ದೊರೆ ತಮ್ಮದೇ 4,000 ಕುದುರೆ ಸವಾರರನ್ನೂ ಸಾಕಬೇಕು ಅಂತ ಸೇರಿಸಿದ್ದರು. ಅಂದಮೇಲೆ ಸ್ವಂತ ದಂಡು ಇದ್ದವರು ಕಂಪನಿ ದಂಡು ಯಾಕೆ ಕೇಳಬೇಕು? ದೊರೆಯ ಕಡೆ ಸಂಬಳ ಬಾಕಿ ಇತ್ತು ಅನ್ನುವುದು ಇದಕ್ಕೆ ಉತ್ತರ. ಬಾಕಿ ಇಟ್ಟುಕೊಂಡು ಕಾಡಿಗೆ ನುಗ್ಗು ಅಂದರೆ ಯಾರು ನುಗ್ಗುತ್ತಾರೆ? ಇನ್ನೊಂದು ಕಡೆ, ಹೊರಗಿನ ಶತ್ರುವಿಗೆ ಅಂತ ಇಟ್ಟ ಸೈನ್ಯವನ್ನು ಕಂದಾಯದ ಜಗಳಕ್ಕೆ ಇಳಿಸಿದರೆ ನಾಳೆ ಪ್ರತಿ ಅಮಲ್ದಾರನೂ ತುಪಾಕಿ ಕೇಳುತ್ತಾನೆ. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ನಾನಾಗಿದ್ದರೆ ಏನು ಟಿಪ್ಪಣಿ ಹಾಕುತ್ತಿದ್ದೆನೋ!

ರೆಸಿಡೆಂಟ್, ಅಂದರೆ ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿ, ಕಾಸಾಮೇಜರ್ ಆಗ ಮದರಾಸಿನ ಅಡಿಯಲ್ಲಿದ್ದ. ಮದರಾಸಿನ ಗವರ್ನರ್ ಸ್ಟೀಫನ್ ಲಷಿಂಗ್ಟನ್. ಅವರಿಗೂ ಮೇಲೆ ಗವರ್ನರ್ ಜನರಲ್ ಬೆಂಟಿಂಕ್, ಅವರು 1831ರ ಬೇಸಿಗೆಯಲ್ಲಿ ಸಿಮ್ಲಾದಲ್ಲಿ ಕೂತಿದ್ದರು. ಮೈಸೂರಿನಿಂದ ಮದರಾಸು, ಮದರಾಸಿನಿಂದ ಸಿಮ್ಲಾ, ವಾಪಸ್. ರೈಲಿಲ್ಲ, ತಂತಿ ಇಲ್ಲ. ಮಲೆನಾಡಿನಲ್ಲಿ ಒಂದು ಠಾಣೆ ಹೋದ ಸುದ್ದಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಇಲ್ಲಿ ಪರಿಸ್ಥಿತಿ ಬೇರೆಯೇ ಆಗಿರುತ್ತಿತ್ತು. ಹಾಗಾಗಿ ಇಂಥ ಕಾಗದದಲ್ಲಿ ಒಕ್ಕಣೆಗಿಂತ ತಾರೀಖು ಮುಖ್ಯ. ಬರೆದದ್ದು ಯಾವಾಗ, ಮುಟ್ಟಿದ್ದು ಯಾವಾಗ, ಉತ್ತರ ಹೊರಟದ್ದು ಯಾವಾಗ, ಮೊದಲು ಇಷ್ಟು ನೋಡಬೇಕು.

ಈಗ ಅಂಗಡಿ ವಿಷಯ. ಆ ಹುಡುಗಿ ಮೊದಲು ತೆಗೆದ ಪ್ರಿಂಟಿನಲ್ಲಿ ತಾರೀಖುಗಳೇ ಹೋಗಿದ್ದವು. ಹಳೇ ಕಾಗದದ ಬಣ್ಣ ಕಂದು. ಬರೀ ಕಪ್ಪು-ಬಿಳುಪು ಮಾಡಿದರೆ ಮಸಿ ಮತ್ತು ಕಲೆ ಎರಡೂ ಒಂದೇ ಆಗಿಬಿಡುತ್ತವೆ. ಮೇಲಾಗಿ ಕಂಪನಿ ಗುಮಾಸ್ತರು ಪುಟದ ಎಡಗಡೆ ಅಗಲ ಅಂಚು ಬಿಟ್ಟು, ಅಲ್ಲಿ ವಿಷಯ, ತಾರೀಖು ಎಲ್ಲ ಸಣ್ಣದಾಗಿ ಬರೆಯುತ್ತಿದ್ದರು. ಇವಳು ಅಕ್ಷರ ದಪ್ಪ ಕಾಣಲಿ ಅಂತ ಪುಟ ದೊಡ್ಡದು ಮಾಡಿ ಅಂಚನ್ನೇ ಕತ್ತರಿಸಿದ್ದಳು. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಆದರೆ ಕೇಳಿ ಮಾಡಬೇಕಿತ್ತು, ಅಲ್ವಾ? ಹೇಳಿದ ಮೇಲೆ ತಕರಾರು ಮಾಡದೆ ಗ್ರೇ ಹಾಕಿ, ಪೂರ್ತಿ ಪುಟ ಬರುವ ಹಾಗೆ ಮತ್ತೆ ತೆಗೆದುಕೊಟ್ಟಳು. ಹಾಳಾದ ಪುಟಗಳಿಗೆ ದುಡ್ಡು ಹಿಡಿಯಲಿಲ್ಲ. ಪ್ರಿಂಟಿಗೆ ಮೂರು ಕೊಟ್ಟಿದ್ದು ಅದಕ್ಕೇ, ಇಲ್ಲದಿದ್ದರೆ ಎರಡು.

ಚಾಚಾ ಮಾತ್ರ ಬೇರೆಯೇ ಥರದ ಮನುಷ್ಯ. ಕಟ್ಟು ಕೈಗೆ ಸಿಕ್ಕ ತಕ್ಷಣ ದಾರ ಪೋಣಿಸಲಿಲ್ಲ. ಇಂಗ್ಲಿಷ್ ಓದಲು ಬರಲ್ಲ ಅಂತ ಅವರೇ ಹೇಳಿದರು. ಆದರೆ ಅಂಕಿ ಓದುತ್ತಾರೆ. ಕನ್ನಡಕ ಏರಿಸಿಕೊಂಡು ಹತ್ತಿಪ್ಪತ್ತು ಹಾಳೆ ತಿರುವಿ ಹಾಕಿ ಕೇಳಿದರು:

"ಅಮ್ಮಾರೆ, ಇದರಾಗ ಪುಟದ ನಂಬರ್ ಒಂದು ಥರ ಹೋಗತಾವ, ತಾರೀಖು ಇನ್ನೊಂದು ಥರ ಹೋಗತಾವ. ಯಾವುದು ಹಿಡಕೊಂಡು ಹೊಲೀಲಿ?"

ಇಡೀ ನೌಕರಿಯಲ್ಲಿ ಯಾವ ಸಾಹೇಬರೂ ನನಗೆ ಇಷ್ಟು ಒಳ್ಳೇ ಪ್ರಶ್ನೆ ಕೇಳಿರಲಿಲ್ಲ. ಮದರಾಸಿನ ದಾಖಲೆ ಜೋಡಿಸಿರುವುದು ಅಲ್ಲಿ ಕೌನ್ಸಿಲ್ ಮುಂದೆ ಇಟ್ಟ ದಿನದ ಪ್ರಕಾರ. ರೆಸಿಡೆಂಟ್ ಬರೆದ ಪತ್ರ ಅದಕ್ಕೂ ಹಿಂದಿನದು. ಆ ಪತ್ರದ ಲಗತ್ತು ಇನ್ನೂ ಹಿಂದಿನದು. ಪುಟದ ನಂಬರ್ ಹಿಡಿದು ಓದಿದರೆ ಮದರಾಸಿನವರ ಕಣ್ಣಲ್ಲಿ ಓದಿದ ಹಾಗೆ. ಅವರಿಗೆ ಯಾವಾಗ ಏನು ಗೊತ್ತಾಯಿತು ಅನ್ನುವುದು ಸಿಗುತ್ತೆ. ತಾರೀಖು ಹಿಡಿದು ಓದಿದರೆ ನೆಲದ ಮೇಲೆ ಆದದ್ದು ಸಿಗುತ್ತೆ. "ನಂಬರ್ ಪ್ರಕಾರ ಹೊಲೀರಿ ಚಾಚಾ. ಲಗತ್ತು ಶುರುವಾಗುವ ಕಡೆಗೆಲ್ಲ ಒಂದು ಬಣ್ಣದ ಹಾಳೆ ಹಾಕಿ" ಅಂದೆ. ಯಾವುದು ಲಗತ್ತು ಅಂತ ನಾನು ಪೆನ್ಸಿಲ್ ಗುರುತು ಮಾಡುತ್ತಾ ಹೋದೆ, ಅವರು ಗುಲಾಬಿ ಹಾಳೆ ಸೇರಿಸುತ್ತಾ ಬಂದರು. ಇದಕ್ಕೆ ಬೇರೆ ಚಾರ್ಜ್ ಹಾಕಲಿಲ್ಲ.

ಪುಸ್ತಕ ಮನೆಗೆ ತಂದು ಬಿಚ್ಚಿ ಓದಿದರೆ ಈ ಗುಲಾಬಿ ಹಾಳೆಗಳ ಬೆಲೆ ಗೊತ್ತಾಗುತ್ತೆ. ಮೊದಲು ಲೆಫ್ಟಿನೆಂಟ್ ರೋಚ್‌ಫೋರ್ಟ್ ದೊರೆಯ ದಂಡನ್ನೇ ಕರೆದುಕೊಂಡು ಹೋದ. ಅದು ಸಾಲದೆ ಕಂಪನಿಯ ಪಡೆ ಹೊರಟಿತು, ಕರ್ನಲ್ ಇವಾನ್ಸ್ ಮುಂದಾಳು. ಇವಾನ್ಸ್ ಫತ್ತೇಪೇಟೆ ಹತ್ತಿರ ಹಿಮ್ಮೆಟ್ಟಿ ಶಿವಮೊಗ್ಗಕ್ಕೆ ವಾಪಸ್ ಬರಬೇಕಾಯಿತು. ಮತ್ತಷ್ಟು ಸೈನ್ಯ ಬಂದಮೇಲೇ ಜೂನ್‌ನಲ್ಲಿ ನಗರ ಕೈಗೆ ಸಿಕ್ಕಿದ್ದು. ಸ್ವಲ್ಪ ಕಳಿಸಿದರು, ಸಾಲಲಿಲ್ಲ, ಇನ್ನಷ್ಟು ಕಳಿಸಿದರು. ಬಜೆಟ್ ಬಿಡುಗಡೆಯ ಕಡತಗಳಲ್ಲಿ ನಾನು ಇದೇ ಆಟ ನೋಡಿದ್ದೇನೆ. ಒಂದೇ ಸಲ ಕೊಟ್ಟರೆ ತಮ್ಮ ತಲೆ ಮೇಲೆ ಬರುತ್ತೆ ಅನ್ನುವ ಭಯ. ಮೊದಲೇ ದೊಡ್ಡ ಪಡೆ ಹೋಗಿದ್ದರೆ ರೈತರ ಸಾವು ಕಡಿಮೆ ಆಗುತ್ತಿತ್ತು ಅಂತ ಮಾತ್ರ ನಾನು ಹೇಳಲಾರೆ. ಜಾಸ್ತಿಯೇ ಆಗುತ್ತಿತ್ತೋ ಏನೋ. ನನ್ನ ಸಿಟ್ಟು ಬೇರೆ. ಶರತ್ತು ಸರಿಯೋ ತಪ್ಪೋ ಅನ್ನುವುದಕ್ಕಿಂತ ಪಡೆ ಎಷ್ಟು ಅನ್ನುವುದಕ್ಕೇ ಮಸಿ ಜಾಸ್ತಿ ಖರ್ಚಾಗಿದೆ.

ಅದು ಕೊನೆಗೆ ಎಲ್ಲಿಗೆ ಹೋಯಿತು ನೋಡಿ. ನಗರ ಸಿಕ್ಕಿದ್ದು ಜೂನ್‌ನಲ್ಲಿ. ಅದೇ 1831ರ ಅಕ್ಟೋಬರ್‌ನಲ್ಲಿ ಮೈಸೂರಿನ ಆಡಳಿತವನ್ನೇ ಕಂಪನಿ ತೆಗೆದುಕೊಂಡಿತು. ಇಬ್ಬರು ಕಮಿಷನರ್‌ಗಳು ಬಂದರು. ಹಿರಿಯ ಬ್ರಿಗ್ಸ್, ಕಿರಿಯ ಸಿ. ಎಂ. ಲಷಿಂಗ್ಟನ್. ಹೌದು, ಗವರ್ನರರ ಸಹೋದರನೇ! ಬಂಡಾಯಕ್ಕೆ ಕಾರಣ ಏನು ಅಂತ ಹುಡುಕಲು ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಇದ್ದ ಸಮಿತಿ ವರದಿ ಕೊಟ್ಟದ್ದು 1833ರ ಡಿಸೆಂಬರ್‌ನಲ್ಲಿ. ಮೊದಲು ಕ್ರಮ, ಎರಡು ವರ್ಷ ಬಿಟ್ಟು ತನಿಖೆ. ನಮ್ಮ ಕಚೇರಿಯಲ್ಲಿ ಹೀಗೆ ಮಾಡಿದ್ದರೆ ಆಡಿಟ್‌ನವರು ಸುಮ್ನೆ ಬಿಡುತ್ತಿರಲಿಲ್ಲ. ಆ ಸಂಸ್ಥಾನ ಒಡೆಯರ ಮನೆತನಕ್ಕೆ ವಾಪಸ್ ಸಿಕ್ಕಿದ್ದು 1881ಕ್ಕೆ.

ಇದನ್ನೆಲ್ಲ ಕೌಲ್ ಬಜಾರಿನಲ್ಲಿ ಬೈಂಡ್ ಮಾಡಿಸಿದ್ದೂ ಒಂಥರಾ ಸರಿಯಾಗಿಯೇ ಇದೆ. ಬಳ್ಳಾರಿಯಲ್ಲಿ ಕಂಪನಿಯ ದೊಡ್ಡ ದಂಡು ಇತ್ತು, ಈ ಬಜಾರು ಅದರ ಪಕ್ಕದ್ದು. ಬಳ್ಳಾರಿ ಕಂಪನಿಗೆ ಸೇರಿದ್ದೇ ಸೈನ್ಯದ ಬಿಲ್ಲಿಗೆ. 1800ರಲ್ಲಿ ನಿಜಾಮ ತನ್ನ ಕಡೆ ಇಟ್ಟ ಕಂಪನಿ ಪಡೆಯ ಖರ್ಚಿಗೆ ಅಂತ ಈ ಸೀಮೆಯನ್ನು ಬಿಟ್ಟುಕೊಟ್ಟ. ಆಗ ಇಲ್ಲಿಗೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಮುಂದೆ ಮದರಾಸ್ ಗವರ್ನರ್ ಆದ. 1825ರಲ್ಲಿ ಮೈಸೂರಿಗೇ ಹೋಗಿ, ಹಣದ ಲೆಕ್ಕ ಸರಿ ಮಾಡಿಕೊಳ್ಳಿ ಅಂತ ದೊರೆಗೆ ಎಚ್ಚರಿಕೆ ಕೊಟ್ಟು ಬಂದಿದ್ದ. ನನ್ನ ತವರು ಕೊಪ್ಪಳದ ಕಡೆ. ಅಲ್ಲೂ 1819ರಲ್ಲಿ ವೀರಪ್ಪ ಅನ್ನುವವನು ನಿಜಾಮನ ವಿರುದ್ಧ ಎದ್ದು ಕೊಪ್ಪಳ, ಬಹದ್ದೂರಬಂಡಿ ಎರಡೂ ಕೋಟೆ ಹಿಡಿದಿದ್ದ, ಬಿಡಿಸಲು ಕಂಪನಿ ಸೈನ್ಯವೇ ಬರಬೇಕಾಯಿತು. ಅದರ ಕಾಗದ ಸಿಕ್ಕರೆ ಅದೂ ಚಾಚಾ ಕೈಗೇ ಹೋಗುತ್ತೆ.

ಹೊಲಿಗೆ ಬಗ್ಗೆ ಹೇಳಲೇಬೇಕು. ಚಾಚಾ ಬಳಸುವುದು ಜೀನ್ಸ್ ಹೊಲಿಯುವ ದಪ್ಪ ದಾರ, ಪಕ್ಕದ ಮನೆಯಿಂದಲೇ ತರುತ್ತಾರೆ. ಹಾಳೆಗಳನ್ನು ಸಣ್ಣ ಕಟ್ಟು ಮಾಡಿ ಒಂದೊಂದನ್ನೂ ಬೇರೆ ಹೊಲಿದು ಆಮೇಲೆ ಜೋಡಿಸುತ್ತಾರೆ. ಹಾಗಾಗಿ ಪುಸ್ತಕ ಮೇಜಿನ ಮೇಲೆ ಪೂರ್ತಿ ಅಂಗಾತ ಬಿದ್ದುಕೊಳ್ಳುತ್ತೆ, ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕಿಲ್ಲ. ನಡು ಅಂಚಿನ ಬರಹ ಹೊಲಿಗೆಯೊಳಗೆ ಸಿಕ್ಕಿಕೊಂಡಿಲ್ಲ. ಅಂಟು ಮಾತ್ರ ಸ್ವಲ್ಪ ವಾಸನೆ, ಎರಡು ದಿನ ಬಿಸಿಲಿಗಿಟ್ಟರೆ ಹೋಗುತ್ತೆ. ಬಳ್ಳಾರಿಯಲ್ಲಿ ಬಿಸಿಲಿಗೇನು ಬರ!

ದರ: ಗ್ರೇ ಪ್ರಿಂಟ್ ಎರಡೂ ಬದಿಗೆ ಮೂರು ರೂಪಾಯಿ, 75 ಜಿಎಸ್‌ಎಂ ಹಾಳೆ. ಹೊಲಿಗೆ ಬೈಂಡಿಂಗ್, ರೆಕ್ಸಿನ್ ರಟ್ಟು ಸೇರಿ 220. ಸ್ಪೈರಲ್ 50ಕ್ಕೆ ಆಗುತ್ತೆ, ಆದರೆ ಇಂಥ ಕೆಲಸಕ್ಕೆ ಬೇಡ. ದಪ್ಪ ಪುಸ್ತಕದ ಸ್ಪೈರಲ್ ತಿರುವುವಾಗ ಹಾಳೆ ಕಿತ್ತು ಬರುತ್ತೆ. ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಬೇಕಾದರೆ 60 ಜಾಸ್ತಿ, ಅದು ನನಗೆ ಇಷ್ಟ ಆಗಲಿಲ್ಲ, ಅಕ್ಷರ ಸೊಟ್ಟ ಕೂರುತ್ತವೆ. ಫೋನ್‌ಪೇ ನಡೆಯುತ್ತೆ.

ಫೋನ್ ಮಾಡಿ ರೆಡಿ ಆಯ್ತಾ ಅಂತ ಕೇಳುವ ಆಸೆ ಬಿಡಿ, ಎತ್ತಲ್ಲ. ನಾಳೆ ಅಂದರೆ ನಾಡಿದ್ದು ಅಂತ ತಿಳಿದುಕೊಳ್ಳಿ. ಶುಕ್ರವಾರ ಮಧ್ಯಾಹ್ನ ಚಾಚಾ ಇರಲ್ಲ. ಕಾರ್ ಒಳಗೆ ಹೋಗಲ್ಲ, ಆಟೋದವರೂ ಮೂಲೆಯಲ್ಲೇ ಇಳಿಸುತ್ತಾರೆ. ಪೆನ್‌ಡ್ರೈವ್ ಕೊಡುವಾಗ ಫೈಲ್ ಹೆಸರು ಕನ್ನಡದಲ್ಲಿ ಇದ್ದರೆ ಬರೀ 1, 2, 3 ಅಂತ ಬದಲಾಯಿಸಿ ಕೊಡಿ. ಅವರ ಕಂಪ್ಯೂಟರ್ ಹಳೇದು, ಕನ್ನಡ ಹೆಸರಿಗೆಲ್ಲ ಚೌಕ ತೋರಿಸುತ್ತೆ, ಆ ಹುಡುಗಿ ಯಾವುದು ಮೊದಲು ಅಂತ ತಡಕಾಡುತ್ತಾಳೆ.